ತಮ್ಮನಿಗೆ ಬೇಕಿದ್ದದ್ದು ಹೊಸ ಗ್ರಾಫಿಕ್ಸ್ ಕಾರ್ಡ್ ಅಲ್ಲ

ನಾನು ಬೆಂಗಳೂರಲ್ಲಿ, ತಮ್ಮ ಹಾಸನದಲ್ಲಿ. ವಾರದ ದಿನಗಳಲ್ಲಿ ನಮ್ಮಿಬ್ಬರ ಮಾತು 'ಊಟ ಆಯ್ತಾ', 'ಹ್ಞೂಂ' ದಾಟಿ ಮುಂದೆ ಹೋಗಲ್ಲ. ಆದರೆ ಶುಕ್ರವಾರ ರಾತ್ರಿ ಹೆಡ್‌ಸೆಟ್ ಹಾಕ್ಕೊಂಡು ವ್ಯಾಲೊರೆಂಟ್ ಆಡೋಕೆ ಕೂತ್ವಿ ಅಂದ್ರೆ, ಅಪ್ಪನ ಬಿಪಿ ಮಾತ್ರೆಯಿಂದ ಹಿಡಿದು ಅವನ ಇಂಟರ್‌ವ್ಯೂ ಭಯದವರೆಗೆ ಎಲ್ಲವೂ ರೌಂಡ್‌ಗಳ ಮಧ್ಯೆ ಬಂದುಹೋಗುತ್ತೆ.

ಈ ವರ್ಷ ಆ ಎರಡು ಗಂಟೆ ಬರೀ ಜಗಳವಾಗಿಬಿಟ್ಟಿತ್ತು. 'ಅಕ್ಕಾ, ಎದುರಾಳಿ ಬಂದ ತಕ್ಷಣ ಸ್ಕ್ರೀನ್ ತಡವರಿಸುತ್ತೆ' ಅಂತ ಅವನು. 'ಸೋತಾಗೆಲ್ಲ ನೆಪ ಹೇಳ್ಬೇಡ' ಅಂತ ನಾನು. ಒಂದು ಶುಕ್ರವಾರ ಅವನು ಬರಲೇ ಇಲ್ಲ, ಮುಂದಿನ ಶುಕ್ರವಾರವೂ ಇಲ್ಲ. ಆಮೇಲೆ ಅಮ್ಮನ ಫೋನು: 'ಅವನಿಗೆ ಅದೇನೋ ಕಾರ್ಡ್ ಬೇಕಂತೆ, ನಿನ್ನ ಕೇಳೋಕೆ ಸಂಕೋಚ.' ಪಾಪ ಅನ್ನಿಸ್ತು. ಇಎಂಐ ಲೆಕ್ಕ ಹಾಕಿ ಒಂದು ಗ್ರಾಫಿಕ್ಸ್ ಕಾರ್ಡನ್ನು ಕಾರ್ಟ್‌ಗೂ ಹಾಕಿದೆ. ಪುಣ್ಯಕ್ಕೆ, ಪೇ ಬಟನ್ ಒತ್ತೋ ಮೊದಲು ಯುಗಾದಿ ಬಂತು, ಊರಿಗೆ ಹೋದೆ.

ಅವನದ್ದು ರೈಜೆನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 16 ಜಿಬಿ ರ‍್ಯಾಮ್, 144 ಹರ್ಟ್ಜ್ ಮಾನಿಟರ್. ಹೊಸದೇನಲ್ಲ, ಆದರೆ ವ್ಯಾಲೊರೆಂಟ್‌ಗೆ ಧಾರಾಳ ಸಾಕು. ಆಡುವಾಗ ವಿಂಡೋಸ್ ಕೀ ಜೊತೆ ಜಿ ಒತ್ತಿದರೆ ಬರುವ ಗೇಮ್ ಬಾರ್‌ನಲ್ಲಿ ನೋಡಿದೆ. ಗ್ರಾಫಿಕ್ಸ್ ಕಾರ್ಡ್ ಅರ್ಧದಷ್ಟೂ ಕೆಲಸ ಮಾಡ್ತಿರಲಿಲ್ಲ! ಎಫ್‌ಪಿಎಸ್ 140ರ ಆಸುಪಾಸು, ಸ್ಮೋಕ್ ಬಿದ್ದು ಎಲ್ಲರೂ ಒಟ್ಟಿಗೆ ನುಗ್ಗಿದಾಗ 70.

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಪ್ರತಿ ಫ್ರೇಮ್‌ಗೂ ಪ್ರೊಸೆಸರ್ ಮೊದಲು ಲೆಕ್ಕ ಹಾಕಿ ಕೊಡಬೇಕು, ಕಾರ್ಡ್ ಆಮೇಲೆ ಚಿತ್ರ ಬಿಡಿಸುತ್ತೆ. ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳನ್ನು ಎಲ್ಲರೂ ಲೋ ಸೆಟ್ಟಿಂಗ್ಸ್‌ನಲ್ಲೇ ಆಡೋದು, ಹಾಗಾಗಿ ಚಿತ್ರ ಬಿಡಿಸೋದು ಸುಲಭದ ಕೆಲಸ. ಕಾರ್ಡ್ ಸುಮ್ಮನೆ ಕೂತಿದೆ ಅಂದ್ರೆ ಅಡುಗೆಮನೆಯಿಂದ ದೋಸೆ ಬರ್ತಿಲ್ಲ ಅಂತ ಅರ್ಥ. ಬಡಿಸೋಕೆ ಇನ್ನೊಬ್ಬರನ್ನ ಕರೆದರೆ ಏನು ಪ್ರಯೋಜನ? ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ 40% ಅಂತ ಕಂಡರೂ ಮೋಸ ಹೋಗ್ಬೇಡಿ. ಅದು ಎಲ್ಲಾ ಕೋರ್‌ಗಳ ಸರಾಸರಿ. ಆಟದ ಮುಖ್ಯ ಭಾರ ಹೊತ್ತ ಒಂದೇ ಕೋರ್ ಒಳಗೊಳಗೇ ಏದುಸಿರು ಬಿಡ್ತಿರಬಹುದು.

ಮೊದಲು ಸಿಕ್ಕಿದ್ದು ನಗು ಬರಿಸುವ ತಪ್ಪು. 144 ಹರ್ಟ್ಜ್ ಮಾನಿಟರ್ ವರ್ಷದಿಂದ 60ರಲ್ಲೇ ಓಡ್ತಿತ್ತು. ವಿಂಡೋಸ್ ಎಷ್ಟೋ ಸಲ 60ಕ್ಕೇ ಇಟ್ಟುಬಿಡುತ್ತೆ, ನಾವೇ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋಗಿ ಬದಲಿಸಬೇಕು. 60 ಹರ್ಟ್ಜ್‌ನಲ್ಲಿ ಹೊಸ ಚಿತ್ರ 16.7 ಮಿಲಿಸೆಕೆಂಡ್‌ಗೊಮ್ಮೆ ಬರುತ್ತೆ, 144ರಲ್ಲಿ 6.9ಕ್ಕೇ. 240ಕ್ಕೆ ಹೋದರೆ 4.2. ಅಂದ್ರೆ ದೊಡ್ಡ ಲಾಭ ಮೊದಲ ಜಿಗಿತದಲ್ಲೇ ಇದೆ. ಅಂದಹಾಗೆ, ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಸೇರಿದೆಯಾ, ಮದರ್‌ಬೋರ್ಡ್‌ಗೆ ಚುಚ್ಚಿದ್ದೀರಾ ಅಂತಲೂ ಒಮ್ಮೆ ಬಗ್ಗಿ ನೋಡಿ.

ಎರಡನೆಯದು ನಿಜವಾದ ಕಳ್ಳ: ರ‍್ಯಾಮ್. 8 ಜಿಬಿಯ ಎರಡು ಸ್ಟಿಕ್ ಇದ್ದವು, ಎರಡನ್ನೂ ಅಕ್ಕಪಕ್ಕದ ಸ್ಲಾಟ್‌ಗೆ ಹಾಕಿದ್ದರು. ನಾಲ್ಕು ಸ್ಲಾಟ್‌ನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ 2 ಮತ್ತು 4ನೇ ಸ್ಲಾಟ್ ಬಳಸಬೇಕು. ಆಗಲೇ ಡ್ಯುಯಲ್ ಚಾನೆಲ್, ಅಂದ್ರೆ ಎರಡು ಲೇನ್ ರಸ್ತೆ. ಅಕ್ಕಪಕ್ಕ ಹಾಕಿದರೆ ಒಂದೇ ಲೇನ್‌ನಲ್ಲಿ ಎರಡು ಬಸ್. ನಿಮ್ಮ ಬೋರ್ಡ್‌ನ ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಇರುತ್ತೆ.

ಜೊತೆಗೆ, ಸ್ಟಿಕ್ ಮೇಲೆ 3200 ಅಂತ ಬರೆದಿದ್ದರೂ ಅದು ಓಡ್ತಿದ್ದದ್ದು 2400ರಲ್ಲಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದರಷ್ಟೇ ಕೊಟ್ಟ ಕಾಸಿಗೆ ತಕ್ಕ ವೇಗ ಸಿಗೋದು. ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಅಂತಲೋ ಎಕ್ಸ್‌ಪೋ ಅಂತಲೋ ಹೆಸರು. ಈ ತಲೆಮಾರಿನ ರೈಜೆನ್‌ನ ಒಳಗಿನ ಸಂಪರ್ಕದ ವೇಗ ರ‍್ಯಾಮ್ ವೇಗದ ಜೊತೆಗೇ ಏರುತ್ತೆ, ಹಾಗಾಗಿ ಲಾಭ ಇನ್ನೂ ಜಾಸ್ತಿ. ಒಂದು ಎಚ್ಚರಿಕೆ: ಬಯೋಸ್ ಅಪ್‌ಡೇಟ್ ಮಾಡಿದರೆ ಇದು ಮತ್ತೆ ಆಫ್ ಆಗಬಹುದು. ಸೆಕ್ಯೂರ್ ಬೂಟ್ ಕೂಡ ಆಫ್ ಆದರೆ ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ತೆರೆಯೋದೇ ಇಲ್ಲ.

ಮೂರನೆಯದು ಧೂಳು. ಡಬ್ಬಿ ತೆರೆದರೆ ಫ್ಯಾನ್ ಮೇಲೆ ಅಮ್ಮ ಬೈಯುವಷ್ಟು ಧೂಳು. ಬಿಸಿ ಏರಿದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳೋಕೆ ನಿಧಾನ ಆಗುತ್ತೆ. ಈ 3600ಕ್ಕೆ ಮಿತಿ 95 ಡಿಗ್ರಿ. ಪ್ಲಗ್ ತೆಗೆದು, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು, ಮೆತ್ತಗಿನ ಬ್ರಶ್‌ನಿಂದ ಕ್ಲೀನ್ ಮಾಡಿದ್ವಿ.

ಆಟದ ಒಳಗೆ ಮಾಡಿದ್ದು ಸ್ವಲ್ಪವೇ. ಡಿಟೇಲ್ಸ್ ಲೋ, ವಿ-ಸಿಂಕ್ ಆಫ್, ಮಲ್ಟಿಥ್ರೆಡೆಡ್ ರೆಂಡರಿಂಗ್ ಆನ್, ಎನ್ವಿಡಿಯಾ ರಿಫ್ಲೆಕ್ಸ್ ಆನ್. ಹಿಂದೆ ತೆರೆದಿದ್ದ ಮೂವತ್ತು ಬ್ರೌಸರ್ ಟ್ಯಾಬ್ ಬಂದ್. ಯೂಟ್ಯೂಬ್ ನೋಡಿ ರಿಜಿಸ್ಟ್ರಿ ತಿದ್ದೋದು, 'ಒಂದೇ ಕ್ಲಿಕ್‌ಗೆ ಎಫ್‌ಪಿಎಸ್ ಡಬಲ್' ಅನ್ನೋ ಸಾಫ್ಟ್‌ವೇರ್ ಹಾಕೋದು ಬೇಡವೇ ಬೇಡ. ಬ್ಯಾಂಕ್ ಪಾಸ್‌ವರ್ಡ್ ಹೊಡೆಯುವ ಕಂಪ್ಯೂಟರ್ ಅದೇ ತಾನೇ? ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಈ ಯಾವ ಸಾಹಸವೂ ಬೇಡ, ಐಟಿ ಟೀಮಿನ ಮೇಲ್ ಬಂದರೆ ನಾನು ಹೊಣೆಯಲ್ಲ.

ಫಲಿತಾಂಶ? ಎಫ್‌ಪಿಎಸ್ 220ರ ಹತ್ತಿರ ಬಂತು. ಅದಕ್ಕಿಂತ ಮುಖ್ಯ, ಗಲಾಟೆಯ ಹೊತ್ತಲ್ಲೂ 150ಕ್ಕಿಂತ ಕೆಳಗೆ ಇಳೀಲಿಲ್ಲ. ಸರಾಸರಿ ಎಷ್ಟೇ ಇರಲಿ, ಗುಂಡು ಹಾರಿಸೋ ಕ್ಷಣದಲ್ಲಿ ಎಷ್ಟಕ್ಕೆ ಬೀಳುತ್ತೆ ಅನ್ನೋದೇ ಲೆಕ್ಕ. ಅದಕ್ಕೇ 300-120 ಅಂತ ಕುಣಿಯುವ ಎಫ್‌ಪಿಎಸ್‌ಗಿಂತ ಮಿತಿ ಹಾಕಿ ಸ್ಥಿರವಾಗಿಟ್ಟ 200 ವಾಸಿ. ಇನ್ನು ಪಿಂಗ್ ಬೇರೆಯದೇ ಕಥೆ. ಮುಂಬೈ ಸರ್ವರ್‌ವರೆಗಿನ ದಾರಿಯನ್ನು ಯಾವ ಕಾರ್ಡೂ ಚಿಕ್ಕದು ಮಾಡಲ್ಲ. ವೈಫೈ ಬಿಟ್ಟು ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಎಳೆದ್ವಿ, ಪಿಂಗ್ ಏರಿಳಿತ ನಿಂತಿತು.

ಒಟ್ಟು ಖರ್ಚು: ಒಂದು ಲ್ಯಾನ್ ಕೇಬಲ್, ಒಂದು ಬ್ರಶ್, ಅರ್ಧ ದಿನ.

ಮಾನಿಟರ್ 144ಕ್ಕೆ ಬದಲಾಗಿ ಮೌಸ್ ಅಲ್ಲಾಡಿಸಿದಾಗ ಅವನು 'ಅಕ್ಕಾ...' ಅಂದು ಸುಮ್ಮನಾದ. ನನಗೆ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯ್ತು. ಇಷ್ಟು ತಿಂಗಳು ಅವನು ನಿಜವನ್ನೇ ಹೇಳ್ತಿದ್ದ, ನಾನು ನೆಪ ಅಂತ ತಳ್ಳಿಹಾಕಿದ್ದೆ. ಸಾರಿ ಅಂದೆ. 'ಇರಲಿ ಬಿಡು, ಆದ್ರೂ ನಿನ್ನ ಏಮ್ ಸರಿ ಇಲ್ಲ' ಅಂದ.

ಅವನ ರ‍್ಯಾಂಕ್ ಏನೂ ಆಕಾಶಕ್ಕೆ ಏರಿಲ್ಲ, ಅದಕ್ಕೆ ಅಭ್ಯಾಸವೇ ಬೇಕು. ಆದರೆ ಶುಕ್ರವಾರಗಳು ವಾಪಸ್ ಬಂದಿವೆ. ಹೋದ ವಾರ ಸೋತ ರೌಂಡ್ ಒಂದರ ಮಧ್ಯೆ, ಇಂಟರ್‌ವ್ಯೂ ಸರಿ ಹೋಗಲಿಲ್ಲ ಅಂತ ಅವನೇ ಹೇಳ್ಕೊಂಡ. ಆ ಮ್ಯಾಚ್ ಮುಗಿದ ಮೇಲೂ ಒಂದು ಗಂಟೆ ಮಾತಾಡ್ತಾ ಕೂತ್ವಿ.

ನಿಮ್ಮ ಕಾರ್ಟ್‌ನಲ್ಲೂ ಒಂದು ಕಾರ್ಡ್ ಕೂತಿದ್ರೆ, ಇವತ್ತು ರಾತ್ರಿ ಹತ್ತು ನಿಮಿಷ ಈ ಸೆಟ್ಟಿಂಗ್ಸ್ ನೋಡಿ. ಎಲ್ಲಾ ಸರಿ ಇದ್ದೂ ಕಾರ್ಡ್ 95%ಕ್ಕಿಂತ ಮೇಲೇ ದುಡೀತಿದ್ದರೆ, ಆಗ ಧೈರ್ಯವಾಗಿ ಪೇ ಬಟನ್ ಒತ್ತಿ.