ಒಂದೆಲಗಕ್ಕೂ ನೈಟ್ ಶಿಫ್ಟಾ?

ಹೋದ ತಿಂಗಳು ಆಫೀಸಿನಲ್ಲಿ ಎಲ್ಲರ ಡೆಸ್ಕಿನ ಮೇಲೂ ಒಂದೊಂದು ವೆಲ್‌ನೆಸ್ ಕಿಟ್ ಇಟ್ಟಿದ್ದರು. ಒಳಗೆ ಒಂದು ಕ್ಯಾಂಡಲ್, ಹಿಸುಕೋಕೆ ಒಂದು ರಬ್ಬರ್ ಚೆಂಡು, 60 ಬ್ರಾಹ್ಮಿ ಕ್ಯಾಪ್ಸೂಲ್. ಮನಸ್ಸು ಶಾಂತವಾಗುತ್ತಂತೆ, ಒಳ್ಳೆ ನಿದ್ದೆ ಬರುತ್ತಂತೆ. ಅದೇ ವಾರ ರಿಲೀಸ್ ಇತ್ತು. ಮೂರು ರಾತ್ರಿ 2 ಗಂಟೆವರೆಗೆ ಕಾಲ್. ನಿದ್ದೆ ಕಿತ್ತುಕೊಂಡವರೇ ನಿದ್ದೆಗೆ ಕ್ಯಾಪ್ಸೂಲ್ ಹಂಚುವುದಕ್ಕೆ ಏನನ್ನಬೇಕು?

ಡಬ್ಬಿ ಮೇಲೆ 'ಅಜ್ಜಿಯ ಕಾಲದ ಬ್ರಾಹ್ಮಿ' ಅಂತ ಬೇರೆ ಬರೆದಿತ್ತು. ಯಾರ ಅಜ್ಜಿ ಸ್ವಾಮಿ? ನಮ್ಮ ಮಲೆನಾಡಲ್ಲಿ, ಕರಾವಳಿಯಲ್ಲಿ ಬ್ರಾಹ್ಮಿ ಅಂದರೆ ಬಚ್ಚಲ ನೀರು ಹರಿಯುವ ಕಡೆ ಹಬ್ಬುವ ಒಂದೆಲಗ. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಚರಕ ಸಂಹಿತೆ ಬುದ್ಧಿಗೆ ಒಳ್ಳೆಯದೆಂದು ಹೇಳುವ ನಾಲ್ಕು ರಸಾಯನಗಳಲ್ಲಿ ಮೊದಲನೆಯದು ಇದರ ರಸ. ಡಬ್ಬಿಯೊಳಗಿದ್ದದ್ದು ಬಕೋಪಾ, ಅಂದರೆ ನೀರುಬ್ರಾಹ್ಮಿ. ಅದು ಬೇರೆಯೇ ಗಿಡ.

ನಮ್ಮಜ್ಜಿ ಒಂದೆಲಗವನ್ನು ಔಷಧಿ ಅಂತ ಕೊಟ್ಟಿದ್ದೇ ಇಲ್ಲ. ಒಂದು ಹಿಡಿ ಎಲೆ ಕಿತ್ತು ತೊಳೆದು, ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಒಂದಿಷ್ಟು ಕಾಯಿತುರಿ ಸೇರಿಸಿ ಬೀಸಿ, ಮಜ್ಜಿಗೆ ಹಾಕಿದರೆ ತಂಬುಳಿ. ಮೊದಲ ಅನ್ನಕ್ಕೆ ಅದು. ಉಂಡಾದ ಮೇಲೆ ಜಗಲಿಯಲ್ಲಿ ಅರ್ಧ ಗಂಟೆ ಅಡ್ಡಾಗುವುದು. ತಂಪು ಸೊಪ್ಪಿನದೆಷ್ಟು, ಜಗಲಿಯದೆಷ್ಟು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಮಾರುಕಟ್ಟೆ ಸೊಪ್ಪನ್ನಷ್ಟೇ ಪುಡಿ ಮಾಡಿ ಡಬ್ಬಿಗೆ ತುಂಬಿತು, ಜಗಲಿಯನ್ನು ಬಿಟ್ಟಿತು.

'ಸೈನ್ಸೂ ಒಪ್ಪಿದೆ ಗುರೂ' ಅನ್ನುತ್ತಾನೆ ಪಕ್ಕದ ಸೀಟಿನವನು. ನಿಜ, ಕೆನಡಾದಲ್ಲಿ ಮಾಡಿದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಗಿದೆ. 40 ಆರೋಗ್ಯವಂತರಲ್ಲಿ ಕೆಲವರಿಗೆ 12 ಗ್ರಾಂ ಒಂದೆಲಗ ಕೊಟ್ಟು ನೋಡಿದರು. ದಿಢೀರ್ ಸದ್ದಿಗೆ ಬೆಚ್ಚುವುದು ಅವರಲ್ಲಿ ಕಡಿಮೆಯಾಯಿತು. ಸಂತೋಷ. ಆದರೆ ಒಂದು ಡೋಸಿನ ಪ್ರಯೋಗ ನಮ್ಮ ವರ್ಷವಿಡೀ ಬಾಳಿಗೆ ಉತ್ತರವಾಗುತ್ತಾ? ಸದ್ದು ಮಾಡುವವರನ್ನು ಬಿಟ್ಟು ಬೆಚ್ಚುವವರಿಗೇ ಚಿಕಿತ್ಸೆ ಕೊಡೋದು ಯಾವ ನ್ಯಾಯ?

ಹಾಗಂತ ಸೊಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಗಂಗಾನಗರದ ನನ್ನ ಬಾಲ್ಕನಿಯಲ್ಲಿ, ಬಿಸಿಲು ಕಡಿಮೆ ಬೀಳುವ ಮೂಲೆಯಲ್ಲಿ ಒಂದು ಅಗಲದ ಕುಂಡ ಇದೆ. ಊರಿಂದ ತಂದ ಎರಡು ಗೆಣ್ಣು ಈಗ ಕುಂಡ ದಾಟಿ ಇಳಿಬಿದ್ದಿವೆ. ನೀವೂ ಬೆಳೆಸಿ. ಆದರೆ ಹೆಬ್ಬಾಳದ ಕಡೆ ರಾಜಕಾಲುವೆ ಅಂಚಲ್ಲಿ ಪುಕ್ಕಟೆ ಸಿಕ್ಕಿತು ಅಂತ ಕೀಳಬೇಡಿ. ಮಣ್ಣು, ನೀರಿನಲ್ಲಿರುವ ಸೀಸದಂಥ ಲೋಹವನ್ನೂ ಈ ಗಿಡ ಹೀರಿಕೊಳ್ಳುತ್ತೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದರೆ ತಂಬುಳಿ ನಂಬಿ ಕೂರದೆ ಡಾಕ್ಟರನ್ನು ನೋಡಿ.

ಕಿಟ್ ವಾಪಸ್ ಕೊಟ್ಟು ಒಂದು ಮೇಲ್ ಹಾಕಿದೆ: 'ಕ್ಯಾಪ್ಸೂಲ್ ಬೇಡ. ರಾತ್ರಿ 9ರ ಮೇಲೆ ಕಾಲ್ ಇಡಬೇಡಿ, ಸಾಕು.' ಉತ್ತರ ಇನ್ನೂ ಬಂದಿಲ್ಲ. ನೀವೂ ಒಂದೊಂದು ಹಾಕಿದರೆ ಬರಬಹುದು.