ಕಾರಣ ಹೇಳದ ಹಿಂಬರಹ

ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದವರಿಗೆ ‘ಹಿಂಬರಹ’ ಎಂಬ ಪದದ ಪರಿಚಯ ಇದ್ದೇ ಇರುತ್ತದೆ. ಕೇಳಿದ್ದನ್ನು ಕೊಡಲಾಗದು ಎಂದು ಕಚೇರಿ ಲಿಖಿತವಾಗಿ ತಿಳಿಸುವ ಉತ್ತರ ಅದು. ‘ನಿಯಮಾನುಸಾರ ಅವಕಾಶವಿರುವುದಿಲ್ಲ’ ಎಂಬ ಒಂದೇ ಸಾಲಿನ ಹಿಂಬರಹಗಳಿಗೆ ಸೇವೆಯ ಆರಂಭದ ವರ್ಷಗಳಲ್ಲಿ ನಾನೂ ಸಹಿ ಹಾಕಿದ್ದೇನೆ. ಯಾವ ನಿಯಮ, ಏಕೆ ಅವಕಾಶವಿಲ್ಲ, ಅರ್ಜಿದಾರ ಮುಂದೇನು ಮಾಡಬೇಕು ಎಂಬ ವಿವರ ಅವುಗಳಲ್ಲಿ ಇರುತ್ತಿರಲಿಲ್ಲ. ಅಂತಹ ಉತ್ತರ ಕೈಗೆ ಬಂದವರ ಸ್ಥಿತಿ ಏನೆಂಬುದು ನನಗೆ ಅರ್ಥವಾದದ್ದು ನಿವೃತ್ತಿಯ ನಂತರ, ಕಂಪ್ಯೂಟರಿನ ಮುಂದೆ ಕುಳಿತಾಗ.

ನಮ್ಮ ತಾಯಿಯವರ ವರ್ಷಾಬ್ದಿಕಕ್ಕೆಂದು ಹಳೆಯ ವಿಡಿಯೊ ಕ್ಯಾಸೆಟ್‌ಗಳಲ್ಲಿದ್ದ ದೃಶ್ಯಗಳನ್ನು ಜೋಡಿಸಿ 80 ನಿಮಿಷದ ಒಂದು ಚಿತ್ರ ಸಿದ್ಧಪಡಿಸುತ್ತಿದ್ದೆ. ಕೊನೆಯ ಹತ್ತು ನಿಮಿಷ, ಮನೆಯ ಮದುವೆಯೊಂದರಲ್ಲಿ ಅಮ್ಮ ಹಾಡಿದ ಸೋಬಾನೆ ಪದಗಳು. ಸಂಕಲನ ಮುಗಿಸಿ, ಟಿ.ವಿ.ಯಲ್ಲಿ ತೋರಿಸಲು ಅನುಕೂಲವಾಗಲೆಂದು ಚಿತ್ರವನ್ನು ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸತೊಡಗಿದೆ. ಎರಡು ಗಂಟೆ ನಡೆದ ಕೆಲಸ ಶೇ 89ಕ್ಕೆ ತಲುಪಿ ನಿಂತಿತು. ಪರದೆಯ ಮೇಲೆ ಮೂಡಿದ್ದು ಇಷ್ಟೇ: ‘ಅಜ್ಞಾತ ದೋಷ’. ಜೊತೆಗೆ ಒಂದು ಸಂಖ್ಯೆ. ಮತ್ತೆ ಮೂರು ಬಾರಿ ಪ್ರಯತ್ನಿಸಿದೆ. ಮೂರೂ ಸಲ ಅಲ್ಲಿಯೇ ನಿಂತಿತು.

‘ಸಹಾಯ’ ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ತೆರೆದುಕೊಂಡಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿ, ತಂತ್ರಾಂಶವನ್ನು ತೆಗೆದು ಮರುಸ್ಥಾಪಿಸಿ, ಹೊಸ ಆವೃತ್ತಿ ಪಡೆಯಿರಿ ಇತ್ಯಾದಿ. ಕಾಯಿಲೆ ಯಾವುದಾದರೂ ಒಂದೇ ಮಾತ್ರೆ ಎಂಬಂತಹ ಪಟ್ಟಿ ಅದು. ಎಲ್ಲವನ್ನೂ ಮಾಡಿದೆ, ಪ್ರಯೋಜನವಾಗಲಿಲ್ಲ. ಹಾಡು ಶುರುವಾದ ಮೇಲೆಯೇ ಕೆಲಸ ನಿಲ್ಲುತ್ತಿದ್ದುದರಿಂದ ಆ ಭಾಗದ ಟೇಪೇ ಹಾಳಾಗಿರಬೇಕೆಂದು ತರ್ಕಿಸಿ, ಆ ಹತ್ತು ನಿಮಿಷವನ್ನು ತೆಗೆದುಹಾಕಿದೆ. ಚಿತ್ರ ಸರಾಗವಾಗಿ ಇಳಿಯಿತು. ನನ್ನ ತರ್ಕ ಸರಿಯೆಂದು ಇದಕ್ಕಿಂತ ಬೇರೆ ಪುರಾವೆ ಬೇಕೆ? ವರ್ಷಾಬ್ದಿಕದ ದಿನ ಚಿತ್ರ ಮುಗಿದಾಗ ಚಿಕ್ಕಮ್ಮ, ‘ಅಕ್ಕನ ಹಾಡೇ ಇಲ್ಲವಲ್ಲೋ’ ಎಂದರು. ‘ಟೇಪು ಕೆಟ್ಟುಹೋಗಿದೆ ಚಿಕ್ಕಮ್ಮ’ ಎಂದೆ.

ಟೇಪು ಕೆಟ್ಟಿರಲಿಲ್ಲ. ಒಂದು ತಿಂಗಳ ನಂತರ ಅಣ್ಣನ ಮಗ ಬಂದು ನಿಜವಾದ ಕಾರಣ ಹುಡುಕಿದ. ಆ ಪೆನ್‌ಡ್ರೈವ್‌ನಲ್ಲಿ ಕಡತಗಳನ್ನು ಇಡುವ ವ್ಯವಸ್ಥೆಯ ಹೆಸರು ಫ್ಯಾಟ್-32, 1996ರಲ್ಲಿ ಬಂದದ್ದು. ಅದು ಪ್ರತಿ ಕಡತದ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುವುದರಿಂದ, ಡ್ರೈವ್‌ನಲ್ಲಿ ಎಷ್ಟೇ ಜಾಗ ಖಾಲಿಯಿದ್ದರೂ ಒಂದು ಕಡತ 4 ಜಿಬಿಯನ್ನು, ಅಂದರೆ ಸುಮಾರು 429 ಕೋಟಿ ಬೈಟ್‌ಗಳನ್ನು ಮುಟ್ಟುವಂತಿಲ್ಲ. ನನ್ನ ಚಿತ್ರ ಸೆಕೆಂಡಿಗೆ ಸುಮಾರು 10 ಲಕ್ಷ ಬೈಟ್ ತುಂಬುತ್ತಿತ್ತು. 71 ನಿಮಿಷ ದಾಟುತ್ತಿದ್ದಂತೆ ಮಿತಿ ಮುಗಿಯುತ್ತಿತ್ತು. ಯಾವ ಹತ್ತು ನಿಮಿಷವನ್ನು ಕತ್ತರಿಸಿದ್ದರೂ ಚಿತ್ರ ಇಳಿಯುತ್ತಿತ್ತು. ಕಂಪ್ಯೂಟರಿನ ಸ್ವಂತ ಡಿಸ್ಕ್‌ಗೆ ಇಳಿಸಿದ್ದರೆ, ಅಥವಾ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಬದಲಾಯಿಸಿಕೊಂಡಿದ್ದರೆ, ಕತ್ತರಿಸುವ ಅಗತ್ಯವೇ ಇರಲಿಲ್ಲ. ‘ಈ ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು, ಬೇರೆಡೆ ಉಳಿಸಿ’ ಎಂಬ ಒಂದು ಸಾಲು ಸಾಕಾಗಿತ್ತು.

ತಯಾರಕರ ಕಷ್ಟವನ್ನೂ ಅಲ್ಲಗಳೆಯಲಾಗದು. ವಿಡಿಯೊ ಸಂಕಲನವೆಂದರೆ ಹಲವು ಪದರಗಳ ಕೆಲಸ. ಚಿತ್ರವನ್ನು ಬಿಡಿಸುವ, ಕುಗ್ಗಿಸುವ ಸೂತ್ರಗಳು, ಗ್ರಾಫಿಕ್ಸ್ ಕಾರ್ಡ್, ಕಾರ್ಯಾಚರಣೆ ವ್ಯವಸ್ಥೆ, ಡಿಸ್ಕ್ ಎಲ್ಲವೂ ಒಂದರ ಮೇಲೊಂದು ನಿಂತಿರುತ್ತವೆ. ಕೆಳಗಿನ ಪದರ ಸೋತಾಗ ಮೇಲಿನದಕ್ಕೆ ತಲುಪುವುದು ಬರೀ ಒಂದು ಸಂಖ್ಯೆ. ಆದರೂ ಎಷ್ಟನೇ ನಿಮಿಷದಲ್ಲಿ, ಯಾವ ಕಡತವನ್ನು ಓದುವಾಗ ಅಥವಾ ಬರೆಯುವಾಗ ಕೆಲಸ ನಿಂತಿತು ಎಂದಾದರೂ ಹೇಳಬಹುದಲ್ಲವೇ? ದೋಷದ ಸಂದೇಶ ಸರಳ ಭಾಷೆಯಲ್ಲಿರಬೇಕು, ತೊಂದರೆಯನ್ನು ನಿಖರವಾಗಿ ಗುರುತಿಸಬೇಕು, ಪರಿಹಾರ ಸೂಚಿಸಬೇಕು ಎಂಬುದು ಹೊಸ ಮಾತೇನಲ್ಲ. ಡೆನ್ಮಾರ್ಕ್‌ನ ತಜ್ಞ ಜೇಕಬ್ ನೀಲ್ಸನ್ 1990ರ ದಶಕದಲ್ಲಿಯೇ ಇದನ್ನು ಸೂತ್ರವಾಗಿ ಬರೆದಿಟ್ಟಿದ್ದಾರೆ.

ಹಾಗಿದ್ದೂ ಅದು ಪಾಲನೆಯಾಗದಿರುವುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ಸ್ಪಷ್ಟವಾದ ಸಂದೇಶ ಬರೆಯುವ ವೆಚ್ಚ ಕಂಪನಿಯದು. ಅಸ್ಪಷ್ಟ ಸಂದೇಶದಿಂದ ಹಾಳಾಗುವ ರಾತ್ರಿಗಳು ಬಳಕೆದಾರನವು. ಅವು ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಕೊಳ್ಳುವವನಿಗೆ ಸರಕಿನ ಗುಣ ಮೊದಲೇ ತಿಳಿಯದಿದ್ದರೆ ಮಾರುಕಟ್ಟೆಯಲ್ಲಿ ಕಳಪೆಯೇ ಉಳಿಯುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ತಂತ್ರಾಂಶ ಕೊಳ್ಳುವಾಗ ನಾವು ಅದರ ಸೊಬಗನ್ನು ನೋಡುತ್ತೇವೆ. ಅದು ಸೋತಾಗ ಹೇಗೆ ಮಾತನಾಡುತ್ತದೆ ಎಂಬುದು ಕೊಂಡ ಮೇಲಷ್ಟೇ ತಿಳಿಯುತ್ತದೆ. ಮದುವೆ ವಿಡಿಯೊ ಮಾಡಿ ಬದುಕುವ ಸಣ್ಣ ಊರಿನ ಛಾಯಾಗ್ರಾಹಕನಿಗೆ ಆ ತಿಳಿವಳಿಕೆ ಬರುವುದು ಗಿರಾಕಿ ಬಾಗಿಲಲ್ಲಿ ನಿಂತಿರುವಾಗ.

ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 7(8) ಓದಿದವರಿಗೆ ಪರಿಹಾರದ ದಾರಿ ಹೊಳೆಯುತ್ತದೆ. ಅರ್ಜಿ ತಿರಸ್ಕರಿಸುವ ಅಧಿಕಾರಿ ಮೂರು ವಿಷಯಗಳನ್ನು ತಿಳಿಸಲೇಬೇಕು: ತಿರಸ್ಕಾರಕ್ಕೆ ಕಾರಣ, ಮೇಲ್ಮನವಿಗೆ ಇರುವ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ. ನನ್ನಂಥವರ ಒಂದು ಸಾಲಿನ ಹಿಂಬರಹದ ಅಭ್ಯಾಸವನ್ನು ಬಿಡಿಸಿದ್ದು ಔದಾರ್ಯವಲ್ಲ, ಇಂತಹ ಕಟ್ಟುಪಾಡು. ತಂತ್ರಾಂಶಗಳಿಗೆ ಹೊಸ ಕಾಯ್ದೆ ಬೇಕೆಂದು ನಾನು ಹೇಳುತ್ತಿಲ್ಲ. ಶಾಲೆಗಳು, ವಿಶ್ವವಿದ್ಯಾಲಯಗಳು, ಇಲಾಖೆಗಳು ಸಾರ್ವಜನಿಕ ಹಣದಲ್ಲಿ ತಂತ್ರಾಂಶ ಖರೀದಿಸುವಾಗ ಟೆಂಡರ್‌ನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು: ಕೆಲಸ ನಿಂತಾಗ ಏನು ನಿಂತಿತು, ಏಕೆ ನಿಂತಿತು, ಮುಂದೇನು ಮಾಡಬೇಕು ಎಂಬುದನ್ನು ಬಳಸುವವರ ಭಾಷೆಯಲ್ಲಿ ತಿಳಿಸಬೇಕು. ದೊಡ್ಡ ಗಿರಾಕಿ ಕೇಳಿದ್ದನ್ನು ಮಾರುಕಟ್ಟೆ ಕೊಡುತ್ತದೆ.

ಪೂರ್ಣ ಚಿತ್ರವನ್ನು ಚಿಕ್ಕಮ್ಮನ ಮನೆಗೆ ಒಯ್ದು ತೋರಿಸಿದೆ. ಅವರು ಹಾಡಿಗೆ ದನಿಗೂಡಿಸಿದರು. ಆದರೆ ವರ್ಷಾಬ್ದಿಕಕ್ಕೆ ಊರೂರಿನಿಂದ ಬಂದಿದ್ದ ನೆಂಟರು ಅಷ್ಟರಲ್ಲಿ ಹಿಂದಿರುಗಿದ್ದರು. ಅಮ್ಮನ ದನಿ ಹಾಳಾಗಿದೆ ಎಂದೇ ಅವರಲ್ಲಿ ಹಲವರು ಇಂದಿಗೂ ನಂಬಿದ್ದಾರೆ.