ಆಂಗ್ಲ ಸರ್ವನಾಮಗಳೂ ನಮ್ಮ ವಿಭಕ್ತಿಜ್ಞಾನವೂ

ಇಂಗ್ಲಿಷು ಬರಬೇಕಾದರೆ ಕನ್ನಡವನ್ನು ಮರೆಯಬೇಕೆಂಬ ಮತವು ಸೇಡಮ್, ಚಿತ್ತಾಪುರ, ವಾಡಿ, ಶಹಾಬಾದಗಳ ವಿದ್ಯಾವಂತ ಮನೆತನಗಳಲ್ಲಿಯೂ ಬೇರೂರುತ್ತಲಿದೆ. ಈ ಮತವು ನಿರಾಧಾರವಾದುದು. ಅಷ್ಟೇ ಅಲ್ಲ, ಇಂಗ್ಲಿಷಿನ ಅಭ್ಯಾಸಕ್ಕೇ ಹಾನಿಕರವಾದುದು. ಸರ್ವನಾಮಗಳ ಒಂದೇ ಉದಾಹರಣೆಯಿಂದ ಇದನ್ನು ತೋರಿಸಬಹುದು.

ಇಂಗ್ಲಿಷು ತನ್ನ ವಿಭಕ್ತಿಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಸರ್ವನಾಮಗಳಲ್ಲಿ ಮಾತ್ರ ಕರ್ತೃವಿಗೆ 'ಐ, ಹಿ, ಷಿ, ವಿ, ದೇ' ಎಂತಲೂ, ಕರ್ಮಸಂಪ್ರದಾನಗಳಿಗೆ 'ಮಿ, ಹಿಮ್, ಹರ್, ಅಸ್, ದೆಮ್' ಎಂತಲೂ ಭೇದವು ಉಳಿದಿದೆ. ಬಾಲಕನು 'ಮಿ ಅಂಡ್ ರಾಮ ವೆಂಟ್' ಎಂದರೆ ಮಾಸ್ತರರು ಕಾರಣವನ್ನು ಹೇಳದೆ ಗದರಿಸಿ 'ರಾಮ ಅಂಡ್ ಐ' ಎಂದು ತಿದ್ದುವರು. ಅಂದಿನಿಂದ 'ಐ' ಎಂಬುದೇ ಸಭ್ಯರ ಮಾತೆಂದು ಭ್ರಮಿಸಿ ಅವನು 'ಹಿ ಗೇವ್ ರಾಮ ಅಂಡ್ ಐ ಅ ಬುಕ್' ಎನ್ನುವನು. ಇದು ಅಜ್ಞಾನದ ದೋಷವಲ್ಲ, ಭಯದ ದೋಷ. ಆಂಗ್ಲರಲ್ಲಿಯೂ ಓದಿದವರು ಅನೇಕರು ಇದೇ ಕುಣಿಯಲ್ಲಿ ಬೀಳುವರು.

ಕನ್ನಡದ ಕೂಸು ಮಾತ್ರ ಬೀಳಬೇಕಾದ ಕಾರಣವಿಲ್ಲ. ನಮ್ಮ ನುಡಿಯಲ್ಲಿ 'ರಾಮನಿಗೂ ನನಗೂ ಕೊಟ್ಟನು' ಎಂದು ಎರಡು ಪದಗಳೂ ತಮ್ಮ ತಮ್ಮ ವಿಭಕ್ತಿಯನ್ನು ತಾವೇ ಧರಿಸುವುವು. 'ರಾಮನಿಗೂ ನಾನೂ ಕೊಟ್ಟನು' ಎಂದು ಅಕ್ಷರವನ್ನೇ ಕಾಣದವನೂ ನುಡಿಯಲಾರನು. ಆದುದರಿಂದ ವಾಕ್ಯವನ್ನು ಕನ್ನಡದಲ್ಲಿ ಆಡಿ ನೋಡತಕ್ಕದ್ದು: 'ನಾನು' ಬಂದಲ್ಲಿ 'ಐ', 'ನನ್ನನ್ನು', 'ನನಗೆ' ಬಂದಲ್ಲಿ 'ಮಿ'.

ಇಲ್ಲಿ ಪೂರ್ವಪಕ್ಷವೊಂದುಂಟು: 'ನನಗೆ ಹಸಿವೆಯಾಗಿದೆ' ಎಂಬಲ್ಲಿ ಇಂಗ್ಲಿಷಿನವರು 'ಐ' ಎನ್ನುವರಲ್ಲ! ನಿಜವೇ. ಹಸಿವೆ, ಜ್ವರ, ಇಷ್ಟ, ನೆನಪುಗಳನ್ನು ಅನುಭವಿಸುವವನಿಗೆ ನಾವು ಚತುರ್ಥಿಯನ್ನು ಕೊಡುವೆವು. ಅವರು ಪ್ರಥಮೆಯನ್ನು ಕೊಡುವರು. ಹಳೆಯ ಇಂಗ್ಲಿಷಿನಲ್ಲಿಯೂ 'ನನಗೆ ತೋರುತ್ತದೆ' ಎಂಬರ್ಥದ 'ಮಿಥಿಂಕ್ಸ್' ಎಂಬ ಪ್ರಯೋಗವಿದ್ದಿತು. ಈ ಭೇದವನ್ನು ಕನ್ನಡವನ್ನು ಬಲ್ಲವನಿಗೆ ಕಲಿಸಬಹುದು. ಮರೆತವನಿಗೆ ಯಾವುದರಿಂದ ಕಲಿಸುವುದು? ಇನ್ನು 'ಇಟ್ ಈಸ್ ಐ' ಎಂಬುದನ್ನು ಬಿಟ್ಟು ಅವರು 'ಇಟ್ ಈಸ್ ಮಿ' ಎನ್ನುವುದು ರೂಢಿಬಲದಿಂದ. ರೂಢಿಗೂ ವ್ಯಾಕರಣದಲ್ಲಿ ಸ್ಥಾನವುಂಟು. 13ನೆಯ ಶತಮಾನದ ಕೇಶಿರಾಜನೂ ಕವಿಪ್ರಯೋಗಗಳನ್ನು ನೋಡಿಯೇ ವಿಭಕ್ತಿಪಲ್ಲಟವನ್ನು ಒಪ್ಪಿದನು.

ನಮ್ಮ ಸೇಡಮ್ ತಾಲೂಕಿನ ಮಳಖೇಡವೇ ಮಾನ್ಯಖೇಟವು. ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿಯೇ 'ಕವಿರಾಜಮಾರ್ಗ'ವು ಕನ್ನಡದ ಗುಣದೋಷಗಳನ್ನು ವಿವೇಚಿಸಿತು. ಆ ನೆಲದ ಮಕ್ಕಳಿಗೆ ತರಗತಿಯಲ್ಲಿ ಕನ್ನಡವಾಡಿದರೆ ದಂಡ ವಿಧಿಸುವುದು ಅವಿವೇಕವಲ್ಲವೆ? ತಾಯಿತಂದೆಗಳು ಇದನ್ನು ಸಹಿಸಬಾರದು. ಮೊದಲು ಕನ್ನಡದ ವಿಭಕ್ತಿಗಳನ್ನು ಕಲಿಸಿ, ಅವುಗಳ ಮೇಲೆ ಇಂಗ್ಲಿಷಿನ ಸರ್ವನಾಮಗಳನ್ನು ನಿಲ್ಲಿಸಿರೆಂದು ಸಾಲೆಯವರನ್ನು ಕೇಳತಕ್ಕದ್ದು.